ಆ ಖಾಲಿ ತಟ್ಟೆ ನಂದು

ಆ ಫೋಟೋದಲ್ಲಿರೋ ಖಾಲಿ ತಟ್ಟೆ ನಂದು. ಹಿಡ್ಕೊಂಡಿರೋದು ಅಜ್ಜಿ, ಖಾಲಿ ಮಾಡಿದ್ದು ನಾನು. ಇದನ್ನ ತಮಟೆ ಹೊಡೆಸಿ ಊರೂರಿಗೂ ಸಾರಿಸ್ಬೇಕು ಅನ್ನೋಷ್ಟು ಉರೀತಿದೆ ನಂಗೆ.

ನಾನು ಹುಣಸೂರಿನವನು. ಒಂದು ಹಳೇ ಕ್ಯಾಮೆರಾ ಇಟ್ಕೊಂಡು ಮದುವೆ, ನಾಮಕರಣದ ಫೋಟೋ ತೆಗೀತೀನಿ. ತಾಳಿ ಕಟ್ಟೋ ಹೊತ್ತಿಗೆ ಸರಿಯಾಗಿ ನನ್ನ ಫೋಕಸ್ಸು ವಾಲಗದವನ ಕೆನ್ನೆ ಮೇಲೆ ಹೋಗಿ ಕೂತಿರುತ್ತೆ. ಇಂಥ ಮಹಾನುಭಾವನ್ನ ಸಿಟಿಯಿಂದ ಬಂದ ಟ್ರಾವೆಲ್ ಫೋಟೋಗ್ರಫಿ ಸಾರ್ ಒಬ್ರು ಜೊತೆಗೆ ಕರ್ಕೊಂಡ್ರು. ಅವರ ಹಿಂದೆ ಆರು ಜನ ಶಿಷ್ಯರು, ಎಲ್ಲರ ಕುತ್ತಿಗೇಲೂ ಒಂದೊಂದು ಫಿರಂಗಿ ಗಾತ್ರದ ಲೆನ್ಸು. ಎಚ್.ಡಿ. ಕೋಟೆ ಕಡೆ ಹಳ್ಳಿ ತೋರಿಸೋದು, ಜನರ ಹತ್ರ ಮಾತಾಡಿ ಕೊಡೋದು ನನ್ನ ಕೆಲಸ. ಫ್ರೆಂಡ್ಸ್‌ಗೆಲ್ಲ ನಾನೇ ಡೈರೆಕ್ಟರ್ ಅನ್ನೋ ಥರ ಬುರುಡೆ ಬಿಟ್ಟಿದ್ದೆ.

ಕಾಡಂಚಿನ ಆ ಊರು ಸೇರೋ ಹೊತ್ತಿಗೆ ನಡು ಮಧ್ಯಾಹ್ನ. ಜಗಲಿ ಮೇಲೆ ಹುರುಳಿಕಾಳು ಕೇರ್ತಾ ಕೂತಿದ್ದ ಅಜ್ಜೀನ ನೀರು ಕೇಳ್ದೆ. ಯಾರು, ಎತ್ತ ಅಂತ ಆಯಮ್ಮ ವಿಚಾರಿಸಲೇ ಇಲ್ಲ. ಉಂಡ್ರಾ ಅಂತ ಒಂದೇ ಮಾತು ಕೇಳಿದ್ಲು. ಇಲ್ಲ ಅಂದಿದ್ದೇ ತಡ, ಒಳಗಿದ್ದ ಸೊಸೆ ಆರಿಸಿದ್ದ ಒಲೇನ ಮತ್ತೆ ಹಚ್ಚಿದ್ಲು. ಎಂಟು ಜನಕ್ಕೆ ಬಿಸಿ ಮುದ್ದೆ, ಹುರುಳಿ ಬಸ್ಸಾರು. ಸಿಟಿ ಶಿಷ್ಯರು ಮುದ್ದೇನ ಚ್ಯೂಯಿಂಗ್ ಗಮ್ ಥರ ಅಗೀತಾ ಒದ್ದಾಡ್ತಿದ್ರು. ನುಂಗೋದು ಹೇಗೆ ಅಂತ ತೋರಿಸಿಕೊಡ್ತೀನಿ ಅಂತ ಒಂದು ನುಂಗ್ದೆ. ಅವರಿಗೆ ಅರ್ಥ ಆಗ್ಲಿಲ್ಲ ಅಂತ ಇನ್ನೊಂದು. ಅವರು ಕಲಿಯೋ ಹೊತ್ತಿಗೆ ನಂದು ನಾಲ್ಕಾಗಿತ್ತು, ಸೊಸೆ ನಗ್ತಾ ಎರಡನೇ ಸಲ ಹಿಟ್ಟು ತಿರುವಿ ಆಗಿತ್ತು.

ಊಟ ಆದ್ಮೇಲೆ ಅಜ್ಜಿ, ನಂದೂ ಒಂದು ಫೋಟೋ ತೆಗೀರಿ, ಕಟ್ಟು ಹಾಕಿಸಿ ಗೋಡೆಗೆ ಹಾಕ್ತೀನಿ ಅಂದ್ಲು. ಟ್ರಂಕು ತೆಗೆದು, ಮಗನ ಮದುವೇಲಿ ಉಟ್ಟಿದ್ದ ರೇಷ್ಮೆ ಸೀರೆ ಈಚೆಗಿಟ್ಲು. ಸಾರ್ ಗಾಬರಿಯಾಗಿ, ಬೇಡ ಬೇಡ, ನ್ಯಾಚುರಲ್ಲಾಗಿ ಇರೋಕೆ ಹೇಳು ಅಂದ್ರು. ನಾನು ಪೆದ್ದ, ತರ್ಜುಮೆ ಮಾಡ್ದೆ: ‘ಅಜ್ಜಿ, ಸೀರೆ ಬ್ಯಾಡ. ಇರೋ ಹಂಗೇ ಚೆನ್ನಾಗಿದೀರ.’ ಅಜ್ಜಿ ಒಂದು ಗಳಿಗೆ ಸೀರೆ ಸವರಿ ಒಳಗಿಟ್ಲು. ನನ್ನ ತಟ್ಟೆ ತೊಳೆಯೋಕೆ ಅಂತ ಎತ್ಕೊಂಡಾಗ ಬಾಗಿಲ ಹತ್ರದಿಂದ ಸಾರ್ ಕೂಗಿದ್ರು. ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದ್ಲು. ಕ್ಲಿಕ್.

ಪ್ರಿಂಟು ಕಳಿಸ್ತೀನಿ ಅಂತ ನಂಬರ್ ಕೊಟ್ಟು ಬಂದವನು ಮರೆತೇ ಬಿಟ್ಟೆ. ಒಂದಿನ ಸೊಸೆ ಫೋನ್ ಬಂತು.

‘ಏನ್ಲಾ ತಮ್ಮ, ನಮ್ಮತ್ತೆಗೆ ನಾನು ಇಟ್ಟು ಆಕಾಕಿಲ್ಲ ಅಂತ ಬರದಿದ್ದೀರಂತೆ?’

ಸಾರ್ ಆ ಫೋಟೋನ ಇನ್‌ಸ್ಟಾದಲ್ಲಿ ಹಾಕಿದ್ರು. ಕೆಳಗೆ ಇಂಗ್ಲಿಷಲ್ಲಿ ಒಂದೇ ಪದ, ಹಸಿವು ಅಂತ. ಅದು ಕೆ.ಆರ್. ನಗರದ ಹತ್ರ ಇರೋ ಸೊಸೆ ತವರಿಗೂ ಹೋಗಿ, ವಾಪಸ್ ಅವಳ ಊರಿಗೂ ಬಂದಿತ್ತು. ಅತ್ತೇನ ಉಪವಾಸ ಕೆಡವಿದ್ದಾಳೆ ಅಂತ ಗುಸುಗುಸು. ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಹೋದ್ರೆ ಸಾಲಲ್ಲಿರೋರೆಲ್ಲ ಮಾತು ನಿಲ್ಲಿಸ್ತಾರಂತೆ. ಎಂಟು ಜನ ದಾರೀಲಿ ಹೋಗೋರಿಗೆ ಎರಡು ಸಲ ಹಿಟ್ಟು ತಿರುವಿದ ಕೈಗೆ ಸಿಕ್ಕ ಹೆಸರು ನೋಡಿ.

ಸಾರ್‌ಗೆ ಫೋನ್ ಮಾಡ್ದೆ. ಅದು ಆ ಅಜ್ಜಿ ಒಬ್ಬಳ ಹಸಿವಲ್ಲ, ಸಿಂಬಾಲಿಕ್ ಅಂದ್ರು. ಸಾರ್, ಅವತ್ತು ನೀವೇ ಎರಡು ಸಲ ಸಾರು ಬಡಿಸ್ಕೊಂಡ್ರಲ್ಲ, ಅದೂ ಸಿಂಬಾಲಿಕ್ಕಾ ಅಂದೆ. ಹಳ್ಳೀಲಿ ಇಂಗ್ಲಿಷ್ ಯಾರು ಓದ್ತಾರೆ ಬಿಡು ಅಂತ ಫೋನ್ ಇಟ್ಬಿಟ್ರು. ಫೋಟೋ ಕೆಳಗೆ, ‘ಈ ತಟ್ಟೇಲಿ ನಾಲ್ಕು ಮುದ್ದೆ ಇತ್ತು, ತಿಂದಿದ್ದು ನಾನು’ ಅಂತ ಬರೆದೆ. ನನ್ನನ್ನ ಬ್ಲಾಕ್ ಮಾಡಿದ್ರು. ಆಮೇಲೆ ಅವ್ವನ ಫೋನಿಂದ ಬರೆದೆ. ಪಾಪ, ಅವ್ವಾನೂ ಬ್ಲಾಕ್ ಆದ್ಲು.

ಕೊನೆಗೆ ಬೈಕ್ ಹತ್ತಿ ಅಜ್ಜಿ ಊರಿಗೆ ಹೋದೆ. ಇನ್ನೂ ಹೆಲ್ಮೆಟ್ ತೆಗೆದಿಲ್ಲ, ಸೊಸೆ ಶುರು ಮಾಡಿದ್ಲು. ಅವಳು ಬೈದಿದ್ದನ್ನ ಇಲ್ಲಿ ಬರೆಯೋ ಹಾಗಿಲ್ಲ. ನನ್ನ ಕ್ಯಾಮೆರಾಗೂ ಒಂದೆರಡು ಬಿತ್ತು. ಅಜ್ಜಿ ಮಾತ್ರ ಪಕ್ಕದಲ್ಲಿ ಕೂತು ಎಲೆ ಅಡಿಕೆ ಜಗೀತಾ, ಬೈಗುಳ ಮುಗಿಯೋದನ್ನೇ ಕಾಯ್ತಿದ್ಲು. ಮುಗಿದ ಮೇಲೆ ಕೇಳಿದ್ಲು: ‘ಉಂಡ್ಯಾ ಮಗಾ?’

ಆ ಮಾತಿಗೆ ನಂಗೆ ಬಂದ ಸಿಟ್ಟು ಎಷ್ಟು ಅಂದ್ರೆ, ನನ್ನ ಕಪಾಳಕ್ಕೆ ನಾನೇ ಹೊಡ್ಕೋಬೇಕು ಅನ್ನಿಸ್ತು. ಇವಳನ್ನ ಹಸಿವು ಅಂತ ಕರೆದ್ರಲ್ಲ.

ಇಲ್ಲ ಅಜ್ಜಿ, ಮೊದಲು ಆ ಸೀರೆ ಉಡಿ ಅಂದೆ. ಉಟ್ಕೊಂಡು ಬಂದ್ಲು. ರೇಷನ್ ಕಾರ್ಡಿನ ಫೋಟೋಗೆ ನಿಂತ ಹಾಗೆ ಎರಡೂ ಕೈ ಇಳಿಬಿಟ್ಟು, ಹಲ್ಲು ಕಾಣಿಸದೆ ನಿಂತಳು. ಹಾಗೇ ತೆಗೆದೆ. ಆಮೇಲೆ ಸೊಸೆ ನನ್ನನ್ನ ಉಣ್ಣೋಕೆ ಕೂರಿಸಿ, ತನ್ನ ಫೋನ್ ತೆಗೆದು, ಬಾಯಿ ತೆಗಿ ಅಂದ್ಲು. ಎರಡನೇ ಮುದ್ದೆ ಸಮೇತ ಬಾಯಿ ತೆಗೆದೆ, ಹಿಂದೆ ರೇಷ್ಮೆ ಸೀರೇಲಿ ಅಜ್ಜಿ, ಕೈಲಿ ಸೌಟು. ಊರಿನ ವಾಟ್ಸಾಪ್ ಗ್ರೂಪಿಗೆ ಅದನ್ನ ಹಾಕಿ, ಅವತ್ತು ನಾಕು ಮುದ್ದೆ ನುಂಗಿ ತಟ್ಟೆ ಖಾಲಿ ಮಾಡಿದ ಗಂಡು ಇವನೇ ಅಂತ ವಾಯ್ಸ್ ಬಿಟ್ಲು.

ಸಾಲ್ದು ಅಂತ ಸಂಜೆ ಹಾಲಿನ ಕ್ಯಾನು ನನ್ನ ಕೈಗೆ ಕೊಟ್ಟು ಡೈರಿಗೆ ಕರ್ಕೊಂಡು ಹೋದ್ಲು. ಎಂದಿನ ಹಾಗೆ ಸಾಲು ಮಾತು ನಿಲ್ಲಿಸ್ತು. ಅವಳು ತಲೆ ಎತ್ಕೊಂಡೇ ನಿಂತಿದ್ಲು, ಆದ್ರೆ ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಡ್ತಿದ್ಲು. ಮುಂದಿದ್ದ ಹೆಂಗಸೊಬ್ಬಳು ಫೋನ್ ನೋಡಿ, ನನ್ನ ಹೊಟ್ಟೆ ನೋಡಿ, ಬಾಯಿಗೆ ಸೆರಗು ಒತ್ಕೊಂಡ್ಲು.

‘ಇವ್ನೇನವ್ವಾ ನಾಕು ಮುದ್ದೆ ನುಂಗಿದ್ದು?’

‘ಆರು’ ಅಂದೆ ನಾನು.