ವಸಂತಣ್ಣನಿಗೆ ಕಳಿಸಿದ ಸೂರ್ಯಾಸ್ತ

ಕಳೆದ ವರ್ಷ ಕಂಪನಿಯವರು ನನ್ನನ್ನು ಒಂದು ವಾರದ ಮಟ್ಟಿಗೆ ಪೆರು ದೇಶದ ಲಿಮಾ ನಗರಕ್ಕೆ ಕಳಿಸಿದರು. ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಕೋಲ್ಡ್ ಸ್ಟೋರೇಜ್ ಇದೆ. ಹೊರದೇಶಗಳಿಂದ ಬರುವ ಮೀನಿನ ಗುಣಮಟ್ಟ ನೋಡುವುದು ನನ್ನ ಕೆಲಸ. ಲಿಮಾ ಕಡೆಯಿಂದ ಬರುತ್ತಿದ್ದ ಬೊಂಡಾಸ್ ಮೀನು, ಅಂದರೆ ಸ್ಕ್ವಿಡ್, ರಬ್ಬರಿನ ಹಾಗಿದೆ ಎಂದು ಗಿರಾಕಿಗಳು ದೂರು ಕೊಟ್ಟಿದ್ದರು. ಕಾಪುವಿನಲ್ಲಿ ಬೊಂಡಾಸ್ ತಿಂದೇ ಬೆಳೆದವನನ್ನು ಅದೇ ಬೊಂಡಾಸ್ ನೋಡಲು ಭೂಮಿಯ ಆಚೆ ಮಗ್ಗುಲಿಗೆ ಅಟ್ಟಿದರು.

ಖುಷಿಯಾಗಬೇಕಿತ್ತು, ಆಗಲಿಲ್ಲ. ಕಾರಣ ವಸಂತಣ್ಣ. ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೆಯ ಫ್ಲ್ಯಾಟಿನ ಒಂದು ರೂಮಿನಲ್ಲಿ ವಸಂತಣ್ಣ, ಉಪ್ಪಿನಂಗಡಿಯ ಅಶ್ರಫ್ ಮತ್ತು ನಾನು ವರ್ಷಗಳಿಂದ ಒಟ್ಟಿಗಿದ್ದೆವು. ವಸಂತಣ್ಣ ಮಲ್ಪೆಯ ಮೊಗವೀರರು. ಪ್ರಾಯದಲ್ಲಿ ಮೀನಿನ ಬೋಟಿಗೆ ಹೋದವರು, ಆಮೇಲೆ ದೋಹಾಕ್ಕೆ ಬಂದು ಎಸಿ ಮೆಕ್ಯಾನಿಕ್ ಆದವರು. ನಾನು ಮೊದಲ ಸಲ ಇಲ್ಲಿ ಇಳಿದಾಗ ಏರ್‌ಪೋರ್ಟಿಗೆ ಬಂದು ಕೈ ಹಿಡಿದು ಕರೆದುಕೊಂಡು ಹೋದವರು ಅವರೇ. ಈಗ ಅವರು ಕ್ಯಾನ್ಸಲ್ ಮಾಡಿ, ಅಂದರೆ ವೀಸಾ ಮುಗಿಸಿ, ಖಾಯಂ ಊರಿಗೆ ಹೊರಟಿದ್ದರು. ನಾನು ಲಿಮಾದಿಂದ ಬಂದ ಮರುದಿನವೇ ಅವರ ಫ್ಲೈಟು.

ನಮ್ಮೊಳಗೆ ಮಾತೆಲ್ಲ ತುಳುವಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಲಿಮಾಕ್ಕೆ ಹೊರಡುವ ದಿನ ಅವರು ತಮ್ಮ ಕಾರ್ಟನ್ ಬಾಕ್ಸಿಗೆ ಹಾಲಿನ ಪುಡಿ, ಪಿಸ್ತಾ, ಮೊಮ್ಮಗಳ ಬೊಂಬೆ ಎಲ್ಲ ತುಂಬಿಸುತ್ತಿದ್ದರು. ಊರಿಗೆ ಹೋಗುವ ಎಲ್ಲರ ಬಾಕ್ಸಿಗೂ ಹಗ್ಗ ಕಟ್ಟಿಕೊಡುತ್ತಿದ್ದವರು ಅವರು. ಬಲೆ ಕಟ್ಟಿದ ಕೈ, ಅವರು ಹಾಕಿದ ಗಂಟು ಬಿಚ್ಚಲು ಊರಿನಲ್ಲಿ ಕತ್ತಿಯೇ ಬೇಕು.

"ನನ್ನ ಬಾಕ್ಸಿಗೆ ಹಗ್ಗ ನೀನೇ ಕಟ್ಟಬೇಕು. ಏರ್‌ಪೋರ್ಟಿಗೂ ನೀನೇ ಬಿಡಬೇಕು. ತಂದದ್ದು ನಾನು, ಕಳಿಸುದು ನೀನು. ಲೆಕ್ಕ ಸರಿಯಾಯ್ತಲ್ಲ?" ಎಂದರು.

"ಬರದೆ ಎಲ್ಲಿಗೆ ಹೋಗ್ತೇನೆ ಅಣ್ಣ?" ಎಂದೆ.

"ಅಲ್ಲಿ ಕಡಲು ಯಾವ ಬದಿಗೆ ಉಂಟು ಮಾರಾಯ?"

"ಪಡುವಣಕ್ಕೆ."

ಅವರ ಮುಖ ಅರಳಿತು. ದೋಹಾದ ಕಡಲು ಇರುವುದು ಮೂಡಣಕ್ಕೆ. ಸೂರ್ಯ ನೀರಿನಿಂದ ಏಳುತ್ತಾನೆ, ಮರಳಿನಲ್ಲಿ ಮುಳುಗುತ್ತಾನೆ. ವಸಂತಣ್ಣನಿಗೆ ಇದೊಂದು ಮುಗಿಯದ ತಕರಾರು. "ಇದು ತಲೆಕೆಳಗಾದ ಕಡಲು" ಎಂದು ಕಡಲ ದಂಡೆಯ ಕಾರ್ನಿಷ್ ರಸ್ತೆಗೆ ಹೋದಾಗಲೆಲ್ಲ ಗೊಣಗುತ್ತಿದ್ದರು.

"ಹಾಗಾದ್ರೆ ಸೂರ್ಯ ನೀರಿಗೆ ಇಳಿಯುದನ್ನು ವಿಡಿಯೊ ಮಾಡಿ ಕಳಿಸು. ನಾನು ಮಲ್ಪೆಗೆ ಹೋಗಿ ನಮ್ಮದನ್ನು ಕಳಿಸ್ತೇನೆ. ಯಾವುದು ಚಂದ ಅಂತ ನೋಡುವ" ಎಂದರು.

ಲಿಮಾದಲ್ಲಿ ಇಳಿದರೆ ಸೂರ್ಯನ ಸುದ್ದಿಯೇ ಇಲ್ಲ. ಮಳೆಯಿಲ್ಲದ ಬೂದು ಮೋಡ ಊರಿಗೆ ಊರನ್ನೇ ಮುಚ್ಚಿಕೊಂಡಿತ್ತು. ಮೋಡದ ವಿಡಿಯೊವನ್ನೇ ಕಳಿಸಿದೆ. ವಸಂತಣ್ಣನ ಧ್ವನಿ ಸಂದೇಶ ಬಂತು. "ಎಂತ ಇದು, ಚಾಪೆ ಹಾಸಿದ ಹಾಗೆ ಉಂಟು. ಸೂರ್ಯ ಎಲ್ಲಿ? ದುಡ್ಡು ಖರ್ಚು ಮಾಡಿ ಮೋಡ ನೋಡ್ಲಿಕ್ಕೆ ಹೋದದ್ದಾ ನೀನು?" ನಾನು ಹೋಟೆಲಿನಲ್ಲಿ ಒಬ್ಬನೇ ನಕ್ಕೆ.

ಮರುದಿನ ಮೀನಿನ ಫ್ಯಾಕ್ಟರಿಯಲ್ಲಿ ನನಗೆ ದುಭಾಷಿಯಾಗಿ ಎಲೆನಾ ಎಂಬ ಹೆಂಗಸನ್ನು ಕೊಟ್ಟರು. ನಮ್ಮ ಅಕ್ಕನ ಪ್ರಾಯದವರು. ವಸಂತಣ್ಣ ಸೂರ್ಯನನ್ನು ಕೇಳಿದ ಕಥೆ ಹೇಳಿ ಮೋಡದ ಬಗ್ಗೆ ವಿಚಾರಿಸಿದ್ದಕ್ಕೆ, "ಈ ಆಕಾಶಕ್ಕೆ ನಾವು ಕತ್ತೆಯ ಹೊಟ್ಟೆ ಅನ್ನುತ್ತೇವೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಇದನ್ನು ಕೇಳಿದರೆ ವಸಂತಣ್ಣ ಬಿದ್ದು ಬಿದ್ದು ನಗುತ್ತಾರೆಂದು ಕೂಡಲೇ ಕಳಿಸಿದೆ. ಅವರಿಂದ ಬಂದದ್ದು ಒಂದು ಹೆಬ್ಬೆರಳಿನ ಚಿತ್ರ, ಅಷ್ಟೇ.

ಅದರ ಮರುದಿನವೂ ಹೆಬ್ಬೆರಳು. ಮೀನು ಮಾರ್ಕೆಟಿನ ಫೋಟೊಗೂ ಹೆಬ್ಬೆರಳು. ಒಂದು ಸಾಲಿಗೆ ಹತ್ತು ಸಾಲು ಮಾತಾಡುವ ಮನುಷ್ಯ, ಹೀಗ್ಯಾಕೆ? ಫೋನ್ ಮಾಡಿದೆ, ಎತ್ತಲಿಲ್ಲ. ಅಶ್ರಫ್‌ಗೆ ಕೇಳಿದರೆ, "ಅಣ್ಣ ಸಾಮಾನು ತರ್ಲಿಕ್ಕೆ ಹೋಗಿದ್ದಾರೆ, ಫೋನು ರೂಮಲ್ಲೇ ಬಿಟ್ಟಿದ್ದಾರೆ" ಎಂದು ಬರೆದ. ಸೂರ್ಯನನ್ನು ಕಳಿಸಲಿಲ್ಲವೆಂದು ಮುನಿಸಿಕೊಂಡಿರಬೇಕು, ಮುದುಕನಿಗೆ ಮಕ್ಕಳ ಬುದ್ಧಿ ಎಂದುಕೊಂಡೆ.

ಹೊರಡುವ ಮುಂಚಿನ ಸಂಜೆ ಎಲೆನಾ ಫ್ಯಾಕ್ಟರಿಯಿಂದ ನನ್ನ ಹೋಟೆಲಿಗೆ ಓಡಿಕೊಂಡು ಬಂದರು. "ಬನ್ನಿ ಬನ್ನಿ, ಮೋಡ ಹರಿದಿದೆ. ನಿಮ್ಮ ಅಣ್ಣನ ಸೂರ್ಯ ಕಾಯುವುದಿಲ್ಲ" ಎಂದು ತಮ್ಮ ಕಾರಿನಲ್ಲೇ ಕಡಲಿನ ಮೇಲಿನ ಬಂಡೆಯಂಚಿಗೆ ಕರೆದೊಯ್ದರು. ಕೆಂಪು ಸೂರ್ಯ ನೀರಿಗೆ ಇಳಿಯುತ್ತಿದ್ದ. ಥೇಟ್ ನಮ್ಮ ಪಡುಗಡಲು. ಕೆಳಗೆ ಅಲೆ ಹಿಂದೆ ಸರಿಯುವಾಗ ಕಲ್ಲುಗಳು ಗೊರಗೊರ ಉರುಳುತ್ತಿದ್ದವು. ಸೂರ್ಯ ಪೂರ್ತಿ ಮುಳುಗುವವರೆಗೆ ವಿಡಿಯೊ ಮಾಡಿ, ಕೊನೆಗೆ "ತೆಕ್ಕೊಳ್ಳಿ ಅಣ್ಣ, ಇನ್ನು ನಿಮ್ಮ ಪಾಳಿ" ಎಂದು ಹೇಳಿ ಕಳಿಸಿದೆ.

ಅದಕ್ಕೂ ಬಂದದ್ದು ಹೆಬ್ಬೆರಳೇ. ನನಗೆ ನಿಜವಾಗಿಯೂ ಬೇಸರವಾಯಿತು.

ದೋಹಾದಲ್ಲಿ ಇಳಿದಾಗ ಅಶ್ರಫ್ ಹೊರಗೆ ನಿಂತಿದ್ದ. ಡ್ಯೂಟಿ ಬಿಟ್ಟು ಬರುವವನಲ್ಲ ಅವನು. "ಅಣ್ಣ ಎಲ್ಲಿ?" ಎಂದು ಕೇಳಿದೆ. ಅವನು ನನ್ನ ಬ್ಯಾಗು ತೆಗೆದುಕೊಂಡು, ನೆಲ ನೋಡುತ್ತಾ, "ಅಣ್ಣ ಸ್ವಲ್ಪ ಸೀರಿಯಸ್ ಇದ್ದಾರೆ ದಿನೇಶ" ಎಂದ.

ಗಲ್ಫಿನಲ್ಲಿ ದುಡಿದವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಇಲ್ಲಿರುವವನಿಗೆ ನಾವು ಹೇಳುವುದು ಹೀಗೆಯೇ. ಸೀರಿಯಸ್ ಉಂಟು, ಹೊರಡು. ಸತ್ತರು ಎನ್ನುವುದಿಲ್ಲ. ಒಬ್ಬನೇ ವಿಮಾನದಲ್ಲಿ ಕೂತು ಹೋಗಬೇಕಲ್ಲ, ಅಷ್ಟಾದರೂ ಧೈರ್ಯ ಇರಲಿ ಎಂದು. ನಮ್ಮ ರೂಮಿನಲ್ಲಿ ಆ ಮಾತು ಹೇಳುವ ಕೆಲಸ ಯಾವಾಗಲೂ ವಸಂತಣ್ಣನದ್ದಾಗಿತ್ತು.

"ಯಾವಾಗ?" ಎಂದೆ.

"ನೀನು ಅಲ್ಲಿ ಮುಟ್ಟಿದ ಮರುದಿನ. ಬೆಳಿಗ್ಗೆ ಚಾ ಮಾಡಿ ಎಬ್ಬಿಸಿದೆ, ಏಳ್ಲಿಲ್ಲ. ಹಾರ್ಟು ಅಂದ್ರು."

"ಈಗ ಎಲ್ಲಿದ್ದಾರೆ?"

"ಪೇಪರೆಲ್ಲ ಆಗ್ಲಿಕ್ಕೆ ಇಷ್ಟು ದಿನ ಹಿಡಿಯಿತು. ಇವತ್ತು ಬೆಳಿಗ್ಗೆ ಊರಿಗೆ ಕಳಿಸಿದೆವು."

ಇದೇ ಏರ್‌ಪೋರ್ಟಿನಿಂದ, ನಾನು ಇಳಿಯುವ ಮೊದಲು ಅವರು ಹೊರಟುಹೋಗಿದ್ದರು.

ಕಾರಿನಲ್ಲಿ ಅಶ್ರಫ್‌ಗೆ ಬಾಯಿಗೆ ಬಂದಂತೆ ಬೈದೆ. ಯಾರಿಗೆಲ್ಲ ಗೊತ್ತಿತ್ತು? ಎಲ್ಲರಿಗೂ. ಊರಿನಲ್ಲಿದ್ದ ನನ್ನ ಹೆಂಡತಿಗೂ. ದಿನಾ ಫೋನಿನಲ್ಲಿ ಊಟ ಆಯ್ತಾ ಎಂದು ಕೇಳುತ್ತಿದ್ದವಳು ಒಂದು ಮಾತು ಬಿಡಲಿಲ್ಲ. "ಒಂದು ಸಲ ಮುಖ ನೋಡ್ಲಿಕ್ಕಾದರೂ ಓಡಿ ಬರ್ತಿದ್ದೆನಲ್ಲ. ಹೆಬ್ಬೆರಳು ಒತ್ತಿದ್ದು ಯಾರು, ನೀನಾ?" ಎಂದು ಅವನನ್ನೇ ಕೇಳಿದೆ.

ಅವನು ಕಾರನ್ನು ಬದಿಗೆ ನಿಲ್ಲಿಸಿದ. "ನಾನೇ. ಅಣ್ಣನ ಫೋನಿಗೆ ಲಾಕ್ ಇಲ್ಲ. ನೀನು ಅಷ್ಟು ದೂರ, ಗುರ್ತಿಲ್ಲದ ಊರಲ್ಲಿ ಒಬ್ಬನೇ. ಹೇಳಿದ್ರೆ ನಿನ್ನನ್ನು ಹಿಡ್ಕೊಳ್ಳುವವರು ಯಾರು? ಧ್ವನಿ ಕೊಡ್ಲಿಕ್ಕೆ ಆಗುದಿಲ್ಲ, ಬರೆದರೆ ನಿಂಗೆ ಗೊತ್ತಾಗ್ತದೆ. ಅದಕ್ಕೆ ಬೆರಳು ಒತ್ತಿದೆ" ಎಂದ. ಆಮೇಲೆ, "ನಿನ್ನ ಸೂರ್ಯನ ವಿಡಿಯೊ ಬಂದಾಗ ಇಲ್ಲಿ ನಡುರಾತ್ರಿ. ಬೆಳಗಾದ ಮೇಲೆ ಮೋರ್ಚರಿಗೆ ಹೋದೆ. ಕೊನೆಗೆ ಮುಖ ನೋಡ್ಲಿಕ್ಕೆ ಬಿಟ್ರು. ಕಿವಿ ಹತ್ರ ಫೋನ್ ಹಿಡಿದು ಇಡೀ ವಿಡಿಯೊ ಹಾಕಿದೆ. ಕಡಲಿನ ಸದ್ದು ಇತ್ತಲ್ಲ ಅದರಲ್ಲಿ, ನಿನ್ನ ಮಾತೂ ಇತ್ತು" ಎಂದ.

ನನ್ನ ಸಿಟ್ಟು ಅಲ್ಲೇ ಕರಗಿತು. ಇಬ್ಬರೂ ರಸ್ತೆ ಬದಿಯಲ್ಲಿ ಕೂತು ಅತ್ತೆವು.

ರೂಮಿನಲ್ಲಿ ಅವರ ಬಾಕ್ಸು ಬಾಯಿ ತೆರೆದೇ ಇತ್ತು. ಬೊಂಬೆ ಮೇಲೆಯೇ ಇತ್ತು. ಊರಿಗೆ ಹೋಗುವವರೊಬ್ಬರ ಜೊತೆ ಕಳಿಸಬೇಕೆಂದು ಅಶ್ರಫ್ ಹಾಗೇ ಇಟ್ಟಿದ್ದ. "ಹಗ್ಗ ನೀನು ಕಟ್ಟಬೇಕು ಅಂತ ಹೇಳಿದ್ರಲ್ಲ, ನಾನು ಮುಟ್ಟಲಿಲ್ಲ" ಎಂದ. ನಾನು ಕಟ್ಟಿದೆ. ಅವರ ಹಾಗೆ ಗಂಟು ಬರಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದೆ.

ರಜೆಯಲ್ಲಿ ಊರಿಗೆ ಹೋದಾಗ ಮಲ್ಪೆಯ ಕಡಲ ತೀರದಲ್ಲಿ ನಿಂತು, ಅವರು ಕಳಿಸುತ್ತೇನೆಂದಿದ್ದ ಸೂರ್ಯನನ್ನು ನಾನೇ ವಿಡಿಯೊ ಮಾಡಿಕೊಂಡೆ. ಕಳಿಸುವುದು ಯಾರಿಗೆ? ಫೋನಿನಲ್ಲೇ ಇದೆ, ಲಿಮಾದ ಸೂರ್ಯನ ಪಕ್ಕದಲ್ಲಿ. ಯಾವುದು ಚಂದ ಎಂದು ಹೇಳುವವರಿಲ್ಲ.

ಅಶ್ರಫ್ ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ತೀರ್ಮಾನಿಸಲು ಆಗಿಲ್ಲ. ಒಂದು ಅಭ್ಯಾಸ ಮಾತ್ರ ನನಗೆ ಅಂಟಿಕೊಂಡಿದೆ. ನಮ್ಮವರು ಯಾರೇ ಆಗಲಿ, ಬರಿಯ ಹೆಬ್ಬೆರಳು ಕಳಿಸಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಫೋನ್ ಮಾಡುತ್ತೇನೆ. "ಎಂತ ಮಾರಾಯ, ಏನು ವಿಷಯ?" ಎಂದು ಅವರು ರೇಗುತ್ತಾರೆ. ವಿಷಯ ಏನೂ ಇಲ್ಲ, ಒಂದು ಮಾತಾಡು, ಬೇಕಾದರೆ ಬೈ ಎನ್ನುತ್ತೇನೆ.