ಜೀಪಿನ ರೇಡಿಯೇಟರ್ ಬದಲಿಸಿದ ಮಧ್ಯಾಹ್ನ

ನನ್ನ ಗಂಡನಿಗೆ ಲಕ್ವ ಹೊಡೆದಾಗ ಬಲಗೈ, ಬಲಗಾಲಿನ ಜೊತೆ ಮಾತೂ ಹೋಯಿತು. ಪೂರ್ತಿ ಹೋಗಿದ್ದರೆ ಅದೊಂದು ಬಗೆ. ಹಾಗಾಗಲಿಲ್ಲ. ಮನಸ್ಸಿನಲ್ಲಿ ಇದ್ದದ್ದು ಒಂದು, ಬಾಯಿಗೆ ಬರುತ್ತಿದ್ದ ಶಬ್ದ ಇನ್ನೊಂದು. ಕಣ್ಣಿನ ಚಾಳೀಸು ಬೇಕಾದಾಗ ಚಾವಿ ಅನ್ನುವರು. ನನ್ನನ್ನು ಕರೆಯಲು ಹೋಗಿ ತೀರಿಹೋದ ತಾಯಿಯನ್ನು ಕರೆಯುವರು. ನಾನು ತಂದುಕೊಟ್ಟದ್ದು ಬೇರೆಯೇ ಎಂದು ಕಂಡಾಗ ಸುಮ್ಮನೆ ಕಣ್ಣು ಮುಚ್ಚಿಕೊಳ್ಳುವರು. ತಿಳಿವಳಿಕೆ ಮಾತ್ರ ಚೂರೂ ಕೆಟ್ಟಿರಲಿಲ್ಲ. ನೋಡಲಾಗದೆ ಇದ್ದದ್ದು ಅದೇ.

ಅದಕ್ಕೆ ಮೊದಲು ಅವರದು ಬೋರ್‌ವೆಲ್ ಪಂಪು ಎತ್ತುವ, ಇಳಿಸುವ ಕೆಲಸ. ಹಾವೇರಿಯ ನಮ್ಮ ಮನೆಯ ಅಂಗಳದಲ್ಲಿ ನಿಲ್ಲುತ್ತಿದ್ದ ಹಳೆಯ ಜೀಪು, ನಾಲ್ಕೂ ಗಾಲಿಗೆ ಎಳೆತವಿದ್ದದ್ದು, ಮಳೆಗಾಲದಲ್ಲಿ ಟ್ರ್ಯಾಕ್ಟರುಗಳೇ ಹೂತು ನಿಲ್ಲುವ ಎರೆಹೊಲಗಳಿಗೂ ಅವರನ್ನು ಮುಟ್ಟಿಸುತ್ತಿತ್ತು. ಪಂಪು ಕೆಟ್ಟ ರೈತರು ಬೆಳಗಾಗುವುದರೊಳಗೆ ಬಂದು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ನನ್ನ ಗಂಡ ಹಾಸಿಗೆ ಹಿಡಿದ ಮೇಲೆ ಯಾರೂ ಬರಲಿಲ್ಲ. ಮೈದುನ ಆಗಾಗ ಬಂದು ಜೀಪು ಚಾಲೂ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಬಂದ್ ಮಾಡಿ ಹೋಗುತ್ತಿದ್ದ. ಅವರು ಒಳಗೆ ಮಂಚದ ಮೇಲೆ ಕೂತು ಆ ಸಪ್ಪಳ ಕೇಳುತ್ತಿದ್ದರು.

ಆಸ್ಪತ್ರೆಯಿಂದ ಬಂದ ಮೇಲೆ ಅವರು ಮೊದಲ ಸಲ ಊರು ಬಿಟ್ಟದ್ದು ಬ್ಯಾಡಗಿಗೆ, ಬಸುರಿಯಾಗಿದ್ದ ನನ್ನ ತಂಗಿಯ ಮಗಳ ಕುಬುಸಕ್ಕೆ. ಜೀಪು ಮೈದುನ ಓಡಿಸಿದ. ಮೆಣಸಿನಕಾಯಿ ಸುಗ್ಗಿ, ಊರಿಗೆ ಊರೇ ಘಾಟು. ಮನೆಗೆ ಬಂದ ಬೀಗರೆಲ್ಲ ಅವರನ್ನು ನೋಡಿ, ಏನು ಮಾತಾಡಿಸುವುದೆಂದು ತಿಳಿಯದೆ ನನ್ನನ್ನು ಮಾತಾಡಿಸಿದರು. ವಾಪಸು ಹೊರಟಾಗ ಅವರಿಗೂ ನನಗೂ ಸಾಕಾಗಿತ್ತು.

ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡು ದಾಟಿ ಸ್ವಲ್ಪ ದೂರ ಬಂದಿದ್ದೆವು. ಮೈದುನನ ಪಕ್ಕ ಕೂತಿದ್ದ ಅವರು ಒಮ್ಮೆಲೇ ನೆಟ್ಟಗಾಗಿ, "ಹಾಲು" ಅಂದರು.

"ಅಣ್ಣಾಗ ಚಾ ಬೇಕಾಗಿರಬೇಕು ನೋಡ್ರಿ ವೈನಿ," ಅಂದ ಮೈದುನ. "ಮೋಟೆಬೆನ್ನೂರದಾಗ ನಿಂದ್ರಸ್ತೇನಿ."

"ಹಾಲು, ಹಾಲು!" ಎಡಗೈಯಿಂದ ಮುಂದಿನ ತಗಡನ್ನು ಬಡಿಯತೊಡಗಿದರು. ನಾನು ಹಿಂದಿನಿಂದ ಹೆಗಲು ಸವರಿ, "ಸ್ವಲ್ಪ ತಡೀರಿ, ಕುಡಿಯೂನಂತ," ಅಂದೆ. ಅವರು ನನ್ನ ಕೈಯನ್ನು ಕೊಡವಿದರು. ಹೆದ್ದಾರಿ ಸೇರುವಷ್ಟರಲ್ಲಿ ಬಾನೆಟ್ಟಿನಿಂದ ಬಿಳಿ ಹಬೆ ಎದ್ದು ಗಾಜೆಲ್ಲ ಮುಚ್ಚಿಹೋಯಿತು.

ರಾಣಿಬೆನ್ನೂರಿನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಮಿಸ್ತ್ರಿ ನನ್ನ ಗಂಡನಿಗೆ ಹಳೆಯ ಸ್ನೇಹಿತ. ಫೋನು ಮಾಡಿದ ಕೂಡಲೇ ಇನ್ನೊಂದು ಗಾಡಿ ತಗೊಂಡು ಬಂದರು. ಬಾನೆಟ್ಟು ಎತ್ತಿ ನೋಡಿ, ನಡೆದದ್ದೆಲ್ಲ ಕೇಳಿಕೊಂಡು, ನನ್ನ ಕಡೆ ತಿರುಗಿದರು.

"ಭಾಬಿ, ಇಂಜಿನ್ ತಣ್ಣಗಿಡೂ ಕೂಲಂಟ್ ಸೋರಾಕತ್ತಿದ್ರ ಒಂಥರಾ ಸೀ ವಾಸನಿ ಬರತೈತ್ರಿ. ಅಣ್ಣಾಗ ಅದು ಮೂಗಿಗೆ ಬಡದೈತಿ. ಕುದ್ದು ಉಕ್ಕಾಕತ್ತೈತಿ ಅಂತ ಹೇಳಾಕ ಹಾಲು ಅಂದಾರ."

ಮೆಣಸಿನಕಾಯಿ ಘಾಟಿನಲ್ಲಿ ನಮ್ಮ ಯಾರ ಮೂಗಿಗೂ ಬಾರದ್ದು ಅವರಿಗೆ ಬಂದಿತ್ತು. ಅವರು ರಸ್ತೆಯ ಆಚೆ ನೋಡುತ್ತ ಕೂತಿದ್ದರು. ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

"ಈ ರೇಡಿಯೇಟರ್ ಮುಗದ್ಹೋತ್ರಿ," ಅಂದರು ಮಿಸ್ತ್ರಿ. "ಒಳಗಿನ ಕೊಳವಿ ಎಲ್ಲಾ ತಿಂದುಹೋಗ್ಯಾವು. ಬೆಸಿಯೂದರ ಎಲ್ಲಿ ಬೆಸಿಯೂದು? ಹೊಸಾದ ಹಾಕಬೇಕು."

"ಹೊಸಾದ ಹಾಕಿ ಯಾರು ಓಡಸ್ತಾರ್ರಿ?" ಮೈದುನನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಗುಜರಿಗೆ ಹಾಕಿಬಿಡೂಣು."

"ಇಲ್ಲ," ಅಂದರು ನನ್ನ ಗಂಡ. ಅವತ್ತು ಅವರ ಬಾಯಿಂದ ಸರಿಯಾಗಿ ಬಂದ ಶಬ್ದ ಅದೊಂದೇ.

ಜೀಪನ್ನು ರಾಣಿಬೆನ್ನೂರಿಗೆ ಎಳೆದುಕೊಂಡು ಹೋದರು. ರೇಡಿಯೇಟರ್ ಹುಬ್ಬಳ್ಳಿಯಿಂದ ಬಂದಿದೆ ಎಂದು ಮಿಸ್ತ್ರಿ ಫೋನು ಮಾಡಿದಾಗ, ನನ್ನ ಗಂಡ ತಾವೇ ಹೋಗಬೇಕೆಂದು ಹಟ ಹಿಡಿದು ಅಂಗಿ ಬಿಚ್ಚಿ ಬೇರೆ ಅಂಗಿ ಎಳೆದುಕೊಂಡರು. ಬಸ್ಸಿನಲ್ಲಿ ಹೋದೆವು.

ಗ್ಯಾರೇಜಿನಲ್ಲಿ ಅವರಿಗೆ ಜೀಪಿನ ಎದುರೇ ಕುರ್ಚಿ ಹಾಕಿದರು. ಹೊಸದು ಹಳೆಯದಕ್ಕಿಂತ ಅಗಲವಿತ್ತು. ಮಿಸ್ತ್ರಿ ಅದನ್ನು ಹಿಡಿದಿಡುವ ಪಟ್ಟಿಗೆ ಬೇರೆ ತೂತು ಕೊರೆದು ಕೂಡಿಸುವಾಗ, ಇವರು ಎಡಗೈಯಲ್ಲೇ ಮೇಲೆ, ಕೆಳಗೆ ಎಂದು ತೋರಿಸುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಮುಖದಲ್ಲಿ ಜೀವ ಕಂಡು ನಾನು ಒಳಗೊಳಗೇ ಆಸೆಪಟ್ಟೆ. ಮಿಸ್ತ್ರಿಯೂ ಹಾಗೇ ಅಂದುಕೊಂಡಿರಬೇಕು. ಮೇಲಿನ ರಬ್ಬರ್ ಪೈಪು ಸಿಕ್ಕಿಸಿ, ಅದರ ಕ್ಲಿಪ್ಪು ಬಿಗಿಯುವುದಷ್ಟೇ ಉಳಿದಾಗ ಸ್ಕ್ರೂಡ್ರೈವರನ್ನು ಇವರ ಕೈಗೆ ಕೊಟ್ಟು, "ಇದೊಂದು ನಿಮ್ಮ ಕೈಲೇ ಆಗ್ಲಿ ಅಣ್ಣಾ," ಅಂದರು.

ಅವರು ಜೀಪಿಗೆ ಒರಗಿ ನಿಂತು ಹಚ್ಚಿದರು. ಜಾರಿತು. ಮತ್ತೆ ಹಚ್ಚಿದರು, ಮತ್ತೆ ಜಾರಿತು. ಕ್ಲಿಪ್ಪನ್ನು ಹಿಡಿಯಬೇಕಾಗಿದ್ದ ಬಲಗೈ ಜೋತುಬಿದ್ದಿತ್ತು. ನಾನು ಹಿಡಿಯಲು ಕೈ ಚಾಚಿದೆ. ಅವರು ನನ್ನ ಕೈಯನ್ನು ನೂಕಿ, ಸ್ಕ್ರೂಡ್ರೈವರನ್ನು ಗೋಡೆಗೆ ಬೀಸಿ ಒಗೆದರು. ಆಮೇಲೆ ಅಲ್ಲೇ ನಿಂತು, ಮಡ್‌ಗಾರ್ಡಿನ ಮೇಲೆ ತಲೆಯಿಟ್ಟು ಅತ್ತರು. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ. ಮಿಸ್ತ್ರಿ ನಳದ ಕಡೆ ಹೋಗಿ ಬಹಳ ಹೊತ್ತು ಕೈ ತೊಳೆದುಕೊಂಡರು.

ಕ್ಲಿಪ್ಪನ್ನು ಮಿಸ್ತ್ರಿಯೇ ಬಿಗಿದು, ಕೂಲಂಟ್ ಸುರಿದು ಚಾಲೂ ಮಾಡಿದರು. ಎಲ್ಲೂ ಹನಿ ಬೀಳಲಿಲ್ಲ. ನನ್ನ ಗಂಡ ಕಣ್ಣು ಒರೆಸಿಕೊಂಡು ಇಂಜಿನ್ನಿನ ಸಪ್ಪಳ ಕೇಳಿದರು. ಮಿಸ್ತ್ರಿ ಇಳಿದ ಕೂಡಲೇ ನಿಧಾನಕ್ಕೆ ನಡೆದು ಡ್ರೈವರನ ಬಾಗಿಲ ಹತ್ತಿರ ಹೋಗಿ ಸ್ಟೇರಿಂಗು ಹಿಡಿದರು. ಬಲಗಾಲು ಮೇಲೆ ಏಳಲಿಲ್ಲ. ಇಂಜಿನ್ನು ಹಾಗೇ ಓಡುತ್ತಿತ್ತು.

ಕೊನೆಗೆ ಅವರು ಒಳಗೆ ಬಾಗಿ ಬಂದ್ ಮಾಡಿ, ಚಾವಿ ಕಿತ್ತು, ಮಿಸ್ತ್ರಿಯ ಅಂಗಿಯ ಕಿಸೆಯಲ್ಲಿ ಹಾಕಿದರು.

"ಇದ್ಯಾಕ ಅಣ್ಣಾ? ಗಾಡಿ ನಾನ ಮನೀತನಕ ಬಿಟ್ಟು ಬರ್ತೀನಿ."

ಅವರು ಬೇಡವೆಂದು ತಲೆ ಅಲ್ಲಾಡಿಸಿದರು. "ಕೊಡು," ಅಂದರು.

"ಯಾರಿಗಿ ಕೊಡ್ಲಿ?"

ಶಬ್ದ ಹುಡುಕಿದರು, ಸಿಗಲಿಲ್ಲ. ಊರಾಚೆಯ ಕಡೆಗೆ ಕೈ ತೋರಿಸಿದರು.

"ಹೊಲದಾಗ ಓಡಸಾಂವಗ ಕೊಡ್ಲ್ಯಾ?"

ಹೌದೆಂದು ಗೋಣು ಹಾಕಿ, ನನ್ನ ಹೆಗಲು ಹಿಡಿದುಕೊಂಡು ರಸ್ತೆಯ ಕಡೆ ಹೊರಟರು. ತಿರುಗಿ ನೋಡಲಿಲ್ಲ. ಕೆಟ್ಟ ಗಾಡಿಯನ್ನು ಯಾರ ಕೈಗೂ ಕೊಡಬಾರದು, ಸರಿಮಾಡಿಸಿಯೇ ಕೊಡಬೇಕೆಂದು ಮೊದಲೇ ನಿಶ್ಚಯಿಸಿದ್ದರೋ, ಕಾಲು ಏಳದ ಆ ಗಳಿಗೆಯಲ್ಲಿ ಕೊಟ್ಟುಬಿಡಬೇಕು ಅನ್ನಿಸಿತೋ, ನನಗೆ ತಿಳಿಯದು. ಕೇಳಿದರೂ ಅವರು ಹೇಳುವಂತಿರಲಿಲ್ಲ.

ಜೀಪನ್ನು ದೇವರಗುಡ್ಡದ ಕಡೆಯ ರೈತರೊಬ್ಬರು ತಗೊಂಡರು. ಈಚೆಗೆ ಮೈದುನ ಅದನ್ನು ದಾರಿಯಲ್ಲಿ ಕಂಡನಂತೆ, ಹಿಂದೆ ಗೊಬ್ಬರದ ಚೀಲ ಹೇರಿಕೊಂಡು ಏರು ಹತ್ತುತ್ತಿತ್ತಂತೆ. "ಚಲೋ ಓಡಾಕತ್ತೈತಿ ಅಣ್ಣಾ," ಎಂದು ಬಂದು ಹೇಳಿದ. ಅವರು ಕೇಳಿಸಿಕೊಂಡು ಗೋಡೆಯ ಕಡೆ ಹೊರಳಿ ಮಲಗಿದರು. ಸಂಜೆ ಊಟಕ್ಕೆ ಎಬ್ಬಿಸಿದಾಗ ಬೇಡವೆಂದರು.