ಸಂಜೆ ಬಾ ಎಂದ ಷೂ ಅಂಗಡಿಯವರು

ಮೊನ್ನೆ ಬೆಳಿಗ್ಗೆ ಪೇಪರ್ ಹಾಕುವವನು ಎಸೆದ ಪತ್ರಿಕೆ ನೇರವಾಗಿ ಅಂಗಳಕ್ಕೆ ಚಿಮುಕಿಸಿದ್ದ ನೀರಿನಲ್ಲಿ ಬಿತ್ತು. ಬೇಕಂತಲೇ ಎಸೆದನೋ ಏನೋ, ಹೋದ ತಿಂಗಳು ಅವನೊಡನೆ ಸಣ್ಣ ಜಗಳ ಆಗಿತ್ತು. ಎತ್ತಿಕೊಂಡು ಬಿಡಿಸಿ ಕುರ್ಚಿಯ ಮೇಲೆ ಹರವಿದೆ. ಒದ್ದೆ ಕಾಗದದ, ಕರಗಿದ ಮಸಿಯ ಆ ವಾಸನೆ ಮೂಗಿಗೆ ಬಡಿದಾಗ ಅಲ್ಲೇ ನಿಂತುಬಿಟ್ಟೆ. ಚಳ್ಳಕೆರೆಯ ಒಂದು ಇಕ್ಕಟ್ಟಾದ ಅಂಗಡಿ, ನೆಲಕ್ಕೆ ಹಾಸಿದ ಹಳೆಯ ಪತ್ರಿಕೆ, ಅದರ ಮೇಲೆ ನನ್ನ ಒದ್ದೆ ಕಾಲು... ಇಪ್ಪತ್ತೈದು ವರ್ಷದ ಮೇಲಾಯಿತು.

ಅವರನ್ನು ನಾವು ಷೂ ಅಂಗಡಿಯವರು ಎನ್ನುತ್ತಿದ್ದೆವು. ಅಂಗಡಿಯಲ್ಲಿ ಇದ್ದದ್ದೆಲ್ಲ ಹೆಚ್ಚಾಗಿ ಚಪ್ಪಲಿಗಳೇ. ಷೂ ಒಂದು ಗೋಡೆಯ ತುಂಬ ಮಾತ್ರ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಮೊಳಕಾಲ್ಮೂರು ತಾಲೂಕಿನ ಕೊಂಡ್ಲಹಳ್ಳಿ ಕಡೆಯವರು. ಕನ್ನಡದಲ್ಲಿ ಶುರು ಮಾಡಿದ ಮಾತು ನಡುವೆ ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತಿತ್ತು. ಆ ನಡುವಿನ ಜಾಗದಲ್ಲಿ ಏನನ್ನೋ ಮುಚ್ಚಿಡುತ್ತಾರೆ ಎಂಬುದು ನಮ್ಮ ಅವ್ವನ ಗುಮಾನಿ.

ಅವ್ವನನ್ನು ಅಂದು ಪ್ರಯೋಜನವಿಲ್ಲ. ನಮ್ಮ ಮನೆಯಲ್ಲಿ ಅನುಮಾನ ಅನ್ನುವುದು ಉಪ್ಪಿದ್ದ ಹಾಗೆ, ಎಲ್ಲದಕ್ಕೂ ಒಂದು ಚಿಟಿಕೆ ಬೀಳಲೇಬೇಕು. ಪರಶುರಾಂಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ ಕುರಿ ಸಾಕಿಕೊಂಡಿದ್ದ. ದಾರಿಹೋಕರು ಯಾರಾದರೂ ಮರಿ ಚೆನ್ನಾಗಿದೆ ಎಂದರೆ ಅವತ್ತು ಸಂಜೆ ಹಿಂಡನ್ನು ಎರಡು ಸಲ ಎಣಿಸುತ್ತಿದ್ದ. ಅವ್ವ ಹಾಲು ಕೊಳ್ಳುವ ಮುಂಚೆ ಬೆರಳು ಅದ್ದಿ ಉಗುರಿನ ಮೇಲೆ ಹನಿ ನಿಲ್ಲಿಸಿ ನೋಡುತ್ತಿದ್ದಳು. ನಾನೂ ಅವರ ಮಗಳೇ ತಾನೆ... ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ ಮೊದಲು ಸೀಟು ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡುವವಳು.

ಅಪ್ಪ ಕುರಿಗಳ ಜೊತೆ ಹಳ್ಳಿಯಲ್ಲೇ ಇದ್ದ, ನಾನೂ ಅವ್ವನೂ ಆಗ ಚಳ್ಳಕೆರೆಯಲ್ಲಿ ಒಂದು ಕೋಣೆ ಹಿಡಿದು ಇದ್ದೆವು. ಅವ್ವ ಶೇಂಗಾ ಮಿಲ್ಲಿನಲ್ಲಿ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಸಿಪ್ಪೆಯ ದೂಳು ಕುಡಿದು ಕುಡಿದು ಅವಳಿಗೆ ಕೆಮ್ಮು ಅಂಟಿಕೊಂಡಿತ್ತು. ನಾನು ಪಿಯುಸಿ ಮುಗಿಸಿ ಎರಡು ಸಲ ಪೊಲೀಸ್ ಪೇದೆ ಆಯ್ಕೆಗೆ ಹೋಗಿ ಎರಡು ಸಲವೂ ಓಟದಲ್ಲಿ ಫೇಲಾಗಿದ್ದೆ. ಆ ವರ್ಷ ತಪ್ಪಿದರೆ ವಯಸ್ಸು ಮೀರುತ್ತಿತ್ತು. ಆಮೇಲೆ ನನಗೂ ಅದೇ ಮಿಲ್ಲು, ಅದೇ ದೂಳು. ಅವ್ವನ ಪಕ್ಕದಲ್ಲಿ ನನಗೆಂದು ಒಂದು ಗೋಣಿಚೀಲ ಹಾಸಿದ್ದಾರೆ ಎಂದು ಕನಸು ಬೀಳುತ್ತಿತ್ತು. ನಿಜಕ್ಕೂ ಹೆದರಿದ್ದೆ.

ಬೆಳಕು ಹರಿಯುವ ಹೊತ್ತಿಗೆ ಬಳ್ಳಾರಿ ರಸ್ತೆ ಹಿಡಿದು ತಳಕಿನ ಕಡೆಗೆ ಓಡುತ್ತಿದ್ದೆ. ಕಾಲಿಗೆ ಶಾಲೆಯ ಕಾಲದ ಕ್ಯಾನ್ವಾಸ್ ಷೂ, ತಳ ಅಪ್ಪಳದಷ್ಟು ತೆಳು. ಲಾರಿಗಳು ಸೊಂಯ್ಯನೆ ಹೋಗುತ್ತಿದ್ದವು. ಒಂದು ವಾರ ಓಡುವಷ್ಟರಲ್ಲಿ ಮೊಣಕಾಲಿನ ಕೆಳಗಿನ ಮೂಳೆ ಮುಟ್ಟಿದರೆ ಜೀವ ಹೋಗುವಷ್ಟು ನೋವು. ಮೂರನೆಯ ವಾರ ಮೆಟ್ಟಿಲು ಇಳಿಯಲೂ ಗೋಡೆ ಹಿಡಿಯಬೇಕಾಯಿತು. ಆಗ ಅವ್ವ ಸೆರಗಿನ ಗಂಟು ಬಿಚ್ಚಿ, ಒಂದು ಒಳ್ಳೆ ಷೂ ತಗೋ, ಮೋಸ ಹೋಗಬೇಡ ಎಂದು ಹೇಳಿ ಮಿಲ್ಲಿಗೆ ಹೋದಳು.

ನಾನು ಆರಿಸಿದ್ದು ಬಿಳಿಯ ಷೂ. ಪಕ್ಕಕ್ಕೆ ಕೆಂಪು ಗೆರೆ, ಹಿಮ್ಮಡಿಗೆ ಹೊಳೆಯುವ ಪಟ್ಟಿ. ಷೂ ಅಂಗಡಿಯವರು ಅದನ್ನು ಕೈಗೆ ತೆಗೆದುಕೊಂಡು ಎರಡೂ ತುದಿ ಹಿಡಿದು ಬಗ್ಗಿಸಿದರು. ಅದು ನಡುವಿಗೆ ಸರಿಯಾಗಿ ಮಡಚಿಕೊಂಡಿತು.

"ನೋಡಮ್ಮಾ, ಷೂ ಮಡಚಬೇಕಾದ್ದು ಬೆರಳು ಮಡಚೋ ಕಡೆ. ಇದು ಹೊಟ್ಟೆ ತಾವ ಮಡಚ್ತೈತೆ. ಇದು ಮದುವೆಗೆ ಹಾಕ್ಕೊಂಡು ಹೋಗಾಕೆ ಸರಿ, ಓಡಾಕಲ್ಲ. ನಾನು ಕೊಡಲ್ಲ."

ಮಾರುವವನೇ ಕೊಡುವುದಿಲ್ಲ ಎಂದರೆ ಏನರ್ಥ? ಖಂಡಿತ ಒಳಗೆ ಹಳೆಯ ಮಾಲು ಬಿದ್ದಿದೆ, ಅದನ್ನು ನನ್ನ ತಲೆಗೆ ಕಟ್ಟುವ ಉಪಾಯ ಎಂದುಕೊಂಡೆ. ಅವರು ಬೇರೆ ಷೂ ತೆಗೆಯಲಿಲ್ಲ. ನನ್ನ ಸವೆದ ಚಪ್ಪಲಿಯನ್ನು ಬಿಡಲು ಹೇಳಿ, ಅದನ್ನು ಕೈಯಲ್ಲಿ ಎತ್ತಿ ಬೋರಲು ಹಾಕಿ ಬೆಳಕಿಗೆ ಹಿಡಿದು ನೋಡಿದರು. ನನಗೆ ನಾಚಿಕೆಯಾಯಿತು. ಅಪ್ಪನ ವಯಸ್ಸಿನವರು ನನ್ನ ಚಪ್ಪಲಿ ಮುಟ್ಟುವುದೆಂದರೆ... ಹೊರ ಅಂಚು ಸವೆದಿರುವ ಕಡೆ ಬೆರಳಾಡಿಸಿ ಏನೋ ತೆಲುಗಿನಲ್ಲಿ ಗೊಣಗಿಕೊಂಡರು. ಆಮೇಲೆ ಒಂದು ಬೋಗುಣಿಯಲ್ಲಿ ನೀರು ತಂದಿಟ್ಟು, ಕಾಲು ಅದ್ದಿ ಪತ್ರಿಕೆಯ ಮೇಲೆ ನಿಲ್ಲಲು ಹೇಳಿದರು.

ನಿಂತು, ಕಾಲು ತೆಗೆದು ನೋಡಿದರೆ ನನಗೇ ದಿಗಿಲಾಯಿತು. ಮುಂದೆ ಬೆರಳು ಮತ್ತು ಉಬ್ಬು, ಹಿಂದೆ ಹಿಮ್ಮಡಿ. ನಡುವೆ ಏನೂ ಇಲ್ಲ, ಅರ್ಧ ಪಾದವೇ ಮಾಯ. ಅವರು ಮಾತ್ರ ಖುಷಿಯಾದರು. ನಿನ್ನ ಪಾದದ ನಡು ಎತ್ತರ, ನೆಲ ಮುಟ್ಟುವುದಿಲ್ಲ, ಅದಕ್ಕೇ ಪೆಟ್ಟೆಲ್ಲ ಮೂಳೆಗೆ ಬೀಳುತ್ತಿದೆ, ನಿನಗೆ ಬೇಕಾದ್ದು ಮೆತ್ತನೆ ತಳ ಎಂದು ವಿವರಿಸಿದರು. ನೀರು ಆರುವ ಮುಂಚೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಮೂಲೆಯಲ್ಲಿ ಏನೋ ಬರೆದು, ಮಡಚಿ ಒಂದು ಡ್ರಾಯರಿಗೆ ಹಾಕಿದರು. ಡ್ರಾಯರಿನಲ್ಲಿ ಅಂಥವೇ ಕಾಗದಗಳ ದಪ್ಪ ಕಟ್ಟು ಇತ್ತು. ಎಷ್ಟೊಂದು ಜನರ ಕಾಲುಗಳು...

"ಸೋಮವಾರ ಬಳ್ಳಾರಿಗೆ ಹೋಗಿ ತರ್ತೀನಿ. ಸಂಜೆ ಬಾಮ್ಮಾ. ಬೆಳಿಗ್ಗೆ ಬರಬ್ಯಾಡ, ಸಂಜೆ ಹೊತ್ತಿಗೆ ಕಾಲು ಒಂಚೂರು ಊದಿರ್ತೈತೆ, ಆವಾಗ ಹಿಡಿದ ಷೂನೇ ಸರಿ."

ಮನೆಗೆ ಬಂದ ಮೇಲೆ ಅವ್ವ ಷೂ ಎಲ್ಲಿ ಎಂದಳು. ಬರಿಗೈಲಿ ಬಂದವಳಿಗೆ ಬೈಗುಳ ಖಾತ್ರಿ. ಪರಗಂಡಸಿನ ಮುಂದೆ ಒದ್ದೆ ಕಾಲಿಟ್ಟು ನಿಂತೆ ಎಂದರಂತೂ ಕೇಳುವುದೇ ಬೇಡ. ತಪ್ಪೆಲ್ಲ ಅಂಗಡಿಯವರ ಕಡೆಗೆ ಹೋಗುವ ಹಾಗೆ ಮಾತು ಜೋಡಿಸಿದೆ. ಷೂ ಕೊಡಲಿಲ್ಲ, ಕಾಲಿನ ಅಚ್ಚು ತೆಗೆದು ಇಟ್ಟುಕೊಂಡರು, ಅದರಲ್ಲಿ ಅರ್ಧ ಪಾದವೇ ಬಂದಿರಲಿಲ್ಲ, ಸಂಜೆ ಒಬ್ಬಳೇ ಬಾ ಅಂದರು ಎಂದೆ. ಒಬ್ಬಳೇ ಎಂದು ಅವರು ಹೇಳಿರಲಿಲ್ಲ. ಆ ಮಾತು ನನ್ನದು. ಕಾಲು ಊದುತ್ತದೆ ಎಂಬ ಕಾರಣವನ್ನು ನಾನು ಹೇಳಲೇ ಇಲ್ಲ.

ಅವ್ವ ಕೆಮ್ಮುವುದನ್ನೂ ಮರೆತಳು. ಹೆಜ್ಜೆಯ ಮಣ್ಣು ಒಯ್ದು ಮಾಟ ಮಾಡಿಸಿದ ಕತೆಗಳು ನಮ್ಮ ಕಡೆ ಮನೆಗೊಂದು ಸಿಗುತ್ತವೆ. ಬರಿ ಮಣ್ಣಿನಿಂದಲೇ ಅಷ್ಟು ಆಗುವುದಾದರೆ, ಇಡೀ ಅಚ್ಚನ್ನೇ ಪೆನ್ಸಿಲಿನಲ್ಲಿ ಬರೆದು ಮಡಚಿಟ್ಟರೆ?

"ಅರ್ಧ ಪಾದ ಬಂದಿರಲಿಲ್ಲ ಅಂತೀಯಲ್ಲೇ, ಮಿಕ್ಕಿದರ್ಧ ಎಲ್ಲಿಗೆ ಹೋತು? ಅವನೇ ಇಟ್ಕಂಡಾನೆ. ಅದಕ್ಕೇ ನೀನು ಓಡಾಕಾಗ್ತಿಲ್ಲ."

ನೋವು ಶುರುವಾಗಿದ್ದು ಅಂಗಡಿಗೆ ಹೋಗುವ ಮುಂಚೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಮರುದಿನ ಮಿಲ್ಲಿನ ಹೆಂಗಸರಿಗೆಲ್ಲ ವಿಷಯ ಗೊತ್ತಾಯಿತು. ಸಂಜೆಯೊಳಗೆ, ಅದೇ ಅಂಗಡಿಯಲ್ಲಿ ಚಪ್ಪಲಿ ಕೊಂಡ ಮೇಲೆ ಒಬ್ಬಳಿಗೆ ಗರ್ಭ ನಿಲ್ಲಲಿಲ್ಲ, ಇನ್ನೊಬ್ಬಳ ಗಂಡ ಮನೆ ಬಿಟ್ಟ ಎಂಬ ಲೆಕ್ಕವೆಲ್ಲ ಹೊರಬಂತು. ನಾನು ಆಡಿದ ಒಂದು ಮಾತು ಅಷ್ಟು ಬೇಗ ಅಷ್ಟು ದಪ್ಪ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಸೋಮವಾರ ಸಂಜೆ ಅವ್ವ ಐದಾರು ಹೆಂಗಸರನ್ನು ಕಟ್ಟಿಕೊಂಡು ಹೊರಟಳು. ನಾನು ಹಿಂದೆ. ಷೂ ಅಂಗಡಿಯವರು ಆಗತಾನೆ ಬಳ್ಳಾರಿಯಿಂದ ಬಂದಿದ್ದರು, ಚೀಲ ಇನ್ನೂ ಬಿಚ್ಚಿರಲಿಲ್ಲ. ಅಷ್ಟು ಜನರನ್ನು ಕಂಡು ಎಲ್ಲರೂ ಕೊಳ್ಳಲು ಬಂದರೆಂದೇ ತಿಳಿದು ಬರ್ರಿ ಬರ್ರಿ, ಕುತ್ಕೊಳ್ರಿ ಎಂದು ಬೆಂಚು ಒರೆಸಿದರು.

"ನನ್ನ ಮಗಳ ಕಾಲಿಂದು ಪೇಪರ್ ಕೊಡ್ರಿ ಮೊದಲು," ಎಂದಳು ಅವ್ವ.

ಅವರು ನನ್ನ ಮುಖ ನೋಡಿದರು. ನಾನು ರಸ್ತೆಯ ಕಡೆ ನೋಡಿದೆ. ಡ್ರಾಯರು ತೆಗೆದು ನನ್ನ ಕಾಗದ ಹುಡುಕುತ್ತಿದ್ದಾಗ ಹೆಂಗಸರಿಗೆ ಆ ಕಟ್ಟು ಕಾಣಿಸಿತು. ಒಬ್ಬಳು ಕೈ ಹಾಕಿ ಇಡೀ ಕಟ್ಟನ್ನೇ ಎಳೆದುಕೊಂಡಳು. ಅವರು ತಡೆಯಲಿಲ್ಲ, ಹೆಂಗಸರ ಮೈ ಮುಟ್ಟಿದರೆ ಇನ್ನೊಂದು ಗಲಾಟೆ ಎಂದು ಹೆದರಿರಬೇಕು. ಹೆಂಗಸರು ಅದನ್ನು ಚರಂಡಿಯ ಪಕ್ಕ ರಾಶಿ ಹಾಕಿ ಕಡ್ಡಿ ಗೀರಿದರು. ಹಳೆಯ ಪತ್ರಿಕೆ, ಎಷ್ಟು ಹೊತ್ತು ಉರಿದೀತು...

ಷೂ ಅಂಗಡಿಯವರು ಬಾಗಿಲಲ್ಲಿ ನಿಂತು ನೋಡಿದರು. ಬೆಂಕಿ ಇಳಿದ ಮೇಲೆ ಯಾರಿಗೂ ಹೇಳದ ಹಾಗೆ ಹೇಳಿದರು.

"ಅದರಾಗೆ ಪೋಲಿಯೋ ಆದ ಮಕ್ಕಳದ್ದೂ ಇದ್ವಮ್ಮಾ. ಒಂದು ಕಾಲು ದೊಡ್ಡದು, ಒಂದು ಚಿಕ್ಕದು. ಬೇರೆ ಬೇರೆ ಸೈಜು ಹೇಳಿ ಮಾಡಿಸಿ ಕೊಡ್ತಿದ್ದೆ. ಮತ್ತೆ ಅವರನ್ನ ಅಷ್ಟು ದೂರದಿಂದ ಕರೆಸೋದು ಕಷ್ಟ."

ಹೆಂಗಸರು ಒಬ್ಬೊಬ್ಬರಾಗಿ ಸೀರೆ ಕೊಡವಿಕೊಂಡು ಹೊರಟರು. ನಾವೂ ತಿರುಗಬೇಕು ಅನ್ನುವಾಗ ಅವರು ನನ್ನನ್ನು ಕರೆದರು. ತಂದಿದ್ದೀನಲ್ಲ, ಹಾಕಿಕೊಂಡು ನೋಡು ಎಂದರು. ಸಿಟ್ಟು ಇರಲಿಲ್ಲ. ಸಿಟ್ಟು ಇಲ್ಲದ್ದೇ ನನಗೆ ಇನ್ನೂ ಅನುಮಾನ ತಂದಿತು. ಇಷ್ಟಾದ ಮೇಲೂ ಕೊಡುತ್ತಾರೆಂದರೆ ಅದರಲ್ಲಿ ಏನಿದೆಯೋ? ಅವ್ವ ಷೂಗಳನ್ನು ಬೋರಲು ಮಾಡಿ ಕೊಡವಿದಳು, ಒಳಗೆ ಕೈ ಹಾಕಿ ತಡಕಿದಳು. ನಿಂಬೆಹಣ್ಣೂ ಇರಲಿಲ್ಲ, ದಾರವೂ ಇರಲಿಲ್ಲ. ಬೂದಿ ಬಣ್ಣದ, ಯಾವ ಚೆಂದವೂ ಇಲ್ಲದ ಷೂ. ಅವರು ಕುಕ್ಕರಗಾಲಲ್ಲಿ ಕುಳಿತು ನನ್ನ ಹೆಬ್ಬೆರಳಿನ ಮುಂದೆ ತಮ್ಮ ಹೆಬ್ಬೆರಳು ಒತ್ತಿ ಜಾಗ ನೋಡಿದರು. ಬೀದಿಯ ತುದಿಯವರೆಗೆ ಓಡಿ ಬಾ ಎಂದರು. ಹೊಗೆಯಾಡುತ್ತಿದ್ದ ಬೂದಿಯನ್ನು ದಾಟಿ ಓಡಿದೆ, ದಾಟಿ ವಾಪಸು ಬಂದೆ. ನೆಲ ಮೊದಲ ಸಲ ಕಾಲಿಗೆ ಹೊಡೆಯಲಿಲ್ಲ. ಡಾಂಬರು ಬಿಟ್ಟು ಪಕ್ಕದ ಮಣ್ಣಿನಲ್ಲಿ ಓಡು, ಹತ್ತು ದಿನ ನಿಧಾನ ಎಂದಷ್ಟೇ ಹೇಳಿ ಒಳಗೆ ಹೋದರು.

ಆ ವರ್ಷ ನಾನು ಓಟದಲ್ಲಿ ಪಾಸಾದೆ. ಕೆಲಸ ಸಿಕ್ಕಿತು. ಅವ್ವ ಮಿಲ್ಲು ಬಿಟ್ಟಳು. ತರಬೇತಿ ಮುಗಿಸಿ ಬಂದು ನೋಡಿದರೆ ಷೂ ಅಂಗಡಿಯ ಜಾಗದಲ್ಲಿ ಬೇಕರಿ ಇತ್ತು. ನಾಲ್ಕೈದು ತಿಂಗಳು ಯಾವ ಹೆಂಗಸೂ ಆ ಮೆಟ್ಟಿಲು ಹತ್ತಲಿಲ್ಲವಂತೆ, ಹೆಂಗಸರು ಬಾರದ ಕಡೆ ಮಕ್ಕಳೂ ಬರಲಿಲ್ಲ. ಏನೂ ಮಾಡದವನು ಯಾಕೆ ಊರು ಬಿಡುತ್ತಾನೆ ಎಂದು ಬೇಕರಿಯವನು ನನ್ನನ್ನೇ ಕೇಳಿದ.

ಎಷ್ಟೋ ವರ್ಷದ ಮೇಲೆ ನನಗೆ ಮೊಳಕಾಲ್ಮೂರಿಗೆ ವರ್ಗವಾಯಿತು. ಒಂದು ದಿನ ಕೆಲಸದ ಮೇಲೆ ಕೊಂಡ್ಲಹಳ್ಳಿಗೆ ಹೋದಾಗ ವಿಚಾರಿಸಿ ಅವರ ಮನೆ ಪತ್ತೆ ಮಾಡಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಯೂನಿಫಾರ್ಮಿನಲ್ಲಿದ್ದೇನೆ ಎಂಬುದು ಮಾತ್ರ ಹೊಳೆದಿರಲಿಲ್ಲ. ಅವರ ಹೆಂಡತಿ ಬಾಗಿಲನ್ನು ಅರ್ಧ ತೆರೆದು, ನನ್ನನ್ನು ಟೋಪಿಯಿಂದ ಬೂಟಿನವರೆಗೆ ನೋಡಿದರು.

"ಅವರು ತೀರಿಕೊಂಡು ಎರಡು ವರ್ಷ ಆತು. ಈಗ್ಯಾರು ಕಂಪ್ಲೇಂಟ್ ಕೊಟ್ಟಾರೆ? ಸತ್ತೋರ ಮೇಲೂ ಕೊಡ್ತಾರೇನ್ರಿ?"

ಕಂಪ್ಲೇಂಟ್ ಕೊಟ್ಟವಳು ನಾನೇ ಎನ್ನಬೇಕಿತ್ತು. ಅಡ್ರೆಸ್ ತಪ್ಪಾಯಿತು ಎಂದೆ. ಆಕೆ ನಂಬಲಿಲ್ಲ. ನಾನು ಬೀದಿಯ ತಿರುವು ದಾಟುವವರೆಗೂ ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದರು.

ಅವ್ವ ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಕಣ್ಣು ಮಂಜಾಗಿದೆ, ಕೆಮ್ಮು ಕಡಿಮೆಯಾಗಿದೆ. ಬಂದವರೆದುರು ಇವತ್ತಿಗೂ ಹೇಳುತ್ತಾಳೆ, ಅವತ್ತು ಆ ಪೇಪರ್ ಸುಡದಿದ್ದರೆ ನನ್ನ ಮಗಳಿಗೆ ಈ ಕೆಲಸ ಎಲ್ಲಿ ಸಿಗುತ್ತಿತ್ತು ಎಂದು. ನಾನು ಹೂಂ ಎನ್ನುತ್ತೇನೆ. ನಿಜ ಹೇಳಿದರೂ ಅವಳು ನಂಬುವವಳಲ್ಲ, ಸತ್ತ ಮೇಲೂ ಆತ ನನ್ನ ಮಗಳನ್ನು ಬಿಟ್ಟಿಲ್ಲ ಎಂದಾಳು. ನಿಜ ಹೇಳಬೇಕಾಗಿದ್ದದ್ದು ಅವಳಿಗಲ್ಲ, ಆ ಸೋಮವಾರ ಸಂಜೆ ಬೀದಿಯಲ್ಲಿ ನಿಂತಿದ್ದವರಿಗೆ, ಷೂ ಅಂಗಡಿಯವರ ಎದುರಿಗೇ. ಈಗ ಅವರಿಲ್ಲ. ನನ್ನ ಸಂಬಳದ ಅನ್ನವನ್ನು ಅವ್ವನೂ ನಾನೂ ಇಷ್ಟು ವರ್ಷದಿಂದ ಉಣ್ಣುತ್ತಿದ್ದೇವೆ.